ಕೆಮ್ಮಣ್ಣಿನ ಪ್ರಿಂಟು ಕಾಪುವಿಗೆ ಹೋದ ಮಳೆಗಾಲ

ಗೇರುಬೀಜ ಹುರಿಯುವ ಹೊಗೆ ನನಗೆ ಇವತ್ತಿಗೂ ಆಗುವುದಿಲ್ಲ. ಹೋದ ತಿಂಗಳು ಒಂದು ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದೆ. ಬಸ್ಸು ಪೇಟೆ ಮುಟ್ಟುವ ಮೊದಲೇ ಆ ಘಾಟು ಒಳಗೆ ಬಂತು. ಪಕ್ಕದಲ್ಲಿ ಕುಳಿತವರು ಎಂಥ ಪರಿಮಳ ಎಂದರು. ನಾನು ಕಿಟಕಿಯ ಗಾಜು ಎಳೆದೆ. ಊಟದಲ್ಲಿ ಪಾಯಸದ ಗೇರುಬೀಜಗಳನ್ನು ಒಂದೊಂದಾಗಿ ಹೆಕ್ಕಿ ಎಲೆಯ ಬದಿಗೆ ಸರಿಸಿದೆ. ಬೀಜ ತಿನ್ನದ ಕರಾವಳಿಯವರು ನೀವೊಬ್ಬರೇ ಇರಬೇಕು ಎಂದು ಹೆಂಡತಿ ಎಂದಿನಂತೆ ಚುಚ್ಚಿದಳು. ಕಾರಣವನ್ನು ಅವಳಿಗೆ ನಾನು ಯಾವತ್ತೂ ಹೇಳಿಲ್ಲ. ಹೇಳುವಂಥದ್ದಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಣಿಪಾಲದಲ್ಲಿ ಗೇರುಬೀಜ ರಫ್ತು ಮಾಡುವ ಒಂದು ಕಂಪೆನಿಯ ಆಫೀಸಿನಲ್ಲಿ ನನಗೆ ಕೆಲಸವಿತ್ತು. ಆ ಕಂಪೆನಿ ಈಗ ಇಲ್ಲ, ಹೆಸರು ಬೇಡ. ಕಾರ್ಖಾನೆ ಕಾರ್ಕಳದ ಹತ್ತಿರ. ಅಲ್ಲಿ ಇನ್ನೂರು ಮುನ್ನೂರು ಹೆಂಗಸರು ಸಾಲಾಗಿ ಕುಳಿತು ಹುರಿದ ಬೀಜ ಒಡೆಯುತ್ತಿದ್ದರು. ಆಫೀಸಿನಲ್ಲಿ ನಾವು ಏಳು ಮಂದಿ ಕಾಗದ ಟೈಪು ಮಾಡುತ್ತಿದ್ದೆವು. ಧನಿಗಳು ಇದ್ದದ್ದು ಬೊಂಬಾಯಿಯಲ್ಲಿ. ಅಲ್ಲಿ ಇನ್ನೊಬ್ಬ ವ್ಯಾಪಾರಿಯ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ್ದನ್ನು ಕಂಡು ಬಂದವರು, ನಮಗೂ ಆಗಬೇಕು ಎಂದು ಹಟ ಹಿಡಿದರು. ಬಾಡಿಗೆ ಕಟ್ಟಡದ ಮಾಡು ಸೋರುತ್ತಿತ್ತು, ಕಕ್ಕಸಿನ ಬಾಗಿಲಿಗೆ ಚಿಲಕ ಇರಲಿಲ್ಲ. ಆದರೆ ನಡುವೆ ಒಂದು ಗಾಜಿನ ಕೋಣೆ ಎದ್ದಿತು, ಅದರೊಳಗೆ ಯುನಿಕ್ಸ್‌ನ ದೊಡ್ಡ ಮೆಷಿನು ಬಂದು ಕುಳಿತಿತು. ಇಡೀ ಆಫೀಸಿನಲ್ಲಿ ಎ.ಸಿ. ಇದ್ದದ್ದು ಅದಕ್ಕೆ ಮಾತ್ರ. ಹೊರಗೆ ಏಳು ಮೇಜುಗಳ ಮೇಲೆ ಡಾಸ್‌ನ ಏಳು ಸಣ್ಣ ಮೆಷಿನುಗಳು. ಎಲ್ಲವನ್ನೂ ಪೋಣಿಸಿಕೊಂಡು ಗೋಡೆಯ ಬುಡದಲ್ಲಿ ಒಂದು ಕಪ್ಪು ಕೇಬಲು. ಟೈಪು ಮಾಡಿದ ಕಾಗದಗಳು ಇರುತ್ತಿದ್ದದ್ದು ದೊಡ್ಡ ಮೆಷಿನಿನಲ್ಲಿ, ಅಲ್ಲಿಂದ ಪ್ರಿಂಟು ಬರುತ್ತಿದ್ದದ್ದು ಅವರವರ ಮೇಜಿನ ಪ್ರಿಂಟರಿನಲ್ಲಿ. ಡಾಸ್ ಅಲ್ಪಸ್ವಲ್ಪ ಬಲ್ಲವನೆಂದು ಇವೆಲ್ಲದರ ಉಸಾಬರಿ ನನ್ನ ಕೊರಳಿಗೆ ಬಿತ್ತು.

ಜೋಡಿಸಲು ಬೊಂಬಾಯಿಯಿಂದ ಬಂದ ಇಂಜಿನಿಯರು ಪ್ರತಿ ಮೆಷಿನಿಗೂ ಒಂದು ಹೆಸರು ಕೊಡಿ, ಅದಕ್ಕೆ ಹೋಸ್ಟ್ ನೇಮ್ ಎನ್ನುತ್ತಾರೆ ಎಂದ. ಮೆಷಿನಿಗೆ ಗೊತ್ತಿರುವುದು ನಂಬರು ಮಾತ್ರ, ಮನುಷ್ಯರಿಗೆ ನಂಬರು ನೆನಪಿರುವುದಿಲ್ಲ, ಅದಕ್ಕೆ ಹೆಸರು. ಯಾವ ಹೆಸರಿಗೆ ಯಾವ ನಂಬರು ಎಂಬ ಪಟ್ಟಿ ಪ್ರತಿ ಮೆಷಿನಿನೊಳಗೂ ಬೇರೆ ಬೇರೆಯಾಗಿ ಇರುತ್ತದೆ. ಮನೆಮನೆಯಲ್ಲಿ ಫೋನಿನ ಹತ್ತಿರ ಒಂದೊಂದು ಡೈರಿ ಇಟ್ಟ ಹಾಗೆ. ಒಂದು ನಂಬರು ಬದಲಾದರೆ ಎಂಟು ಡೈರಿಯಲ್ಲೂ ತಿದ್ದಬೇಕು. ಇದನ್ನು ಅವನು ಎರಡು ಸಲ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಆಗಲೇ ಹೆಸರಿಡುವ ಗಲಾಟೆ ಶುರುವಾಗಿತ್ತು.

ನಮ್ಮಲ್ಲಿ ಜನರನ್ನು ಕರೆಯುವುದೇ ಊರಿನ ಹೆಸರಿನಿಂದ. ಆಫೀಸಿನಲ್ಲಿ ಇಬ್ಬರು ಶೆಟ್ಟರಿದ್ದರು, ಒಬ್ಬರು ಕಾಪುವಿನವರು, ಒಬ್ಬರು ಕಾರ್ಕಳದವರು. ಹಾಗಾಗಿ ಅವರು ಕಾಪು ಮತ್ತು ಕಾರ್ಕಳ. ಕಾಪು ಶೆಟ್ಟರು ಮ್ಯಾನೇಜರು. ರಫ್ತಿನ ಕಾಗದಪತ್ರ ನೋಡುತ್ತಿದ್ದ ಹಸನಬ್ಬ ಉದ್ಯಾವರ. ಟೈಪಿಸ್ಟ್ ಸಿಸಿಲಿಯಾ ಬಾಯಿ ಕೆಮ್ಮಣ್ಣು, ಎದುರಿಗೆ ಮಾತ್ರ ಎಲ್ಲರೂ ಗೌರವದಿಂದ ಬಾಯಿ ಎನ್ನುತ್ತಿದ್ದೆವು. ನಾನು ಹೆಬ್ರಿ. ಮೆಷಿನುಗಳಿಗೂ ಅವೇ ಹೆಸರು ಬಿದ್ದವು. ಇಂಜಿನಿಯರು ನಕ್ಕು, ಪಟ್ಟಿ ಬರೆದು, ಬಸ್ಸು ಹತ್ತಿದ. ಅವನು ಹೋದ ಮೇಲೆ ನನ್ನ ಗ್ರಹಚಾರ ಶುರುವಾಯಿತು. ಯಾರಾದರೂ ಮೇಜು ಬದಲಿಸಿದರೆ ಮೆಷಿನು ಇದ್ದಲ್ಲೇ ಇರುತ್ತಿತ್ತು, ಮನುಷ್ಯರು ಮಾತ್ರ ಎದ್ದು ಹೋಗುತ್ತಿದ್ದರು. ಹೆಸರೂ ಮೆಷಿನಿನಲ್ಲೇ ಉಳಿಯಬೇಕು ಎಂದು ನಾನು ಅಂಗಲಾಚಿದೆ. ಒಬ್ಬರಾದರೂ ಒಪ್ಪಬೇಕಲ್ಲ. ಕಾರ್ಕಳದವರು ಉದ್ಯಾವರದಲ್ಲಿ ಹೇಗೆ ಕೂರುವುದು? ತನ್ನ ಊರನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಹೋಗುವುದೆಂದರೆ ಅವರಿಗೆ ಮನೆಯನ್ನೇ ಬಿಟ್ಟುಕೊಟ್ಟ ಹಾಗೆ. ಊರು ಮನುಷ್ಯರ ಹಿಂದೆಯೇ ಹೋಗಬೇಕು ಎಂದು ತೀರ್ಮಾನವಾಯಿತು. ಅಂದರೆ ಯಾರು ಎಲ್ಲಿಗೆ ಎದ್ದು ಹೋದರೂ ನಾನು ಫ್ಲಾಪಿ ಹಿಡಿದು ಮೆಷಿನಿನಿಂದ ಮೆಷಿನಿಗೆ ಅಲೆದು ಪಟ್ಟಿ ತಿದ್ದಬೇಕು. ವಿದ್ಯಾವಂತರ ಈ ಹುಚ್ಚಾಟಕ್ಕೆ ನಾನು ಮನಸ್ಸಿನಲ್ಲೇ ಥೂ ಎನ್ನುತ್ತಿದ್ದೆ, ಹೊರಗೆ ಹಲ್ಲುಗಿಂಜುತ್ತಿದ್ದೆ.

ಏಳು ಡಾಸ್ ಮೆಷಿನುಗಳ ಪಟ್ಟಿಯನ್ನು ನಾನೇ ತಿದ್ದಬಹುದಿತ್ತು. ಗಾಜಿನ ಕೋಣೆಯ ಯುನಿಕ್ಸ್ ಹಾಗಲ್ಲ. ಅದರ ಪಟ್ಟಿಗೆ ಕೈ ಹಾಕಬೇಕಾದರೆ ರೂಟ್ ಪಾಸ್‌ವರ್ಡ್ ಬೇಕು, ಅದು ಇದ್ದದ್ದು ಕಾಪು ಶೆಟ್ಟರ ಅಂಗಿಕಿಸೆಯ ಡೈರಿಯಲ್ಲಿ. ಅವರಿಗೆ ಯುನಿಕ್ಸಿನ ಗಂಧವೂ ಇರಲಿಲ್ಲ. ಆದರೆ ಬೀಗದಕೈ ತನ್ನ ಹತ್ತಿರ ಇರಬೇಕು ಎನ್ನುವುದು ಮಾತ್ರ ಗೊತ್ತಿತ್ತು. ಪ್ರತಿ ಸಲವೂ ನಾನು ಹೋಗಿ ಕೈಕಟ್ಟಿ ನಿಲ್ಲಬೇಕು. ಅವರು ಎಲೆಯಡಿಕೆ ಉಗುಳಿ, ಬಾಯಿ ಒರೆಸಿ, ಗಾಜಿನ ಕೋಣೆಗೆ ಬಂದು, ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ, ಒಂದೊಂದೇ ಅಕ್ಷರ ಒತ್ತಬೇಕು. ಹಾಗೆ ಗೋಡೆ ನೋಡುತ್ತಾ ನಿಂತಾಗ ನನಗೆ ಬರುತ್ತಿದ್ದ ಸಿಟ್ಟನ್ನು ಏನು ಹೇಳಲಿ! ಆದಷ್ಟೂ ಅವರ ಹತ್ತಿರ ಹೋಗುವುದನ್ನೇ ಮುಂದೂಡುತ್ತಿದ್ದೆ.

ಆ ವರ್ಷದ ಮಳೆ ಜೂನ್ ಮೊದಲ ವಾರದಲ್ಲೇ ಹಿಡಿದುಕೊಂಡಿತು. ಫ್ಲಾಪಿಗಳಿಗೆ ಬೂಷ್ಟು ಬಂತು. ಕೇಬಲಿನ ಜಾಯಿಂಟುಗಳು ತುಕ್ಕು ಹಿಡಿದವು. ಮಾದರಿಗೆಂದು ತಂದಿಟ್ಟ ಬೀಜದ ಡಬ್ಬಿಗಳಿಂದ ಮುಗ್ಗಲು ವಾಸನೆ ಏಳುತ್ತಿತ್ತು, ಅದಕ್ಕೆ ಒದ್ದೆ ಕೊಡೆಗಳ ವಾಸನೆಯೂ ಸೇರಿ ಬೆಳಗ್ಗೆ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಮ್ಯಾನೇಜರ ಕ್ಯಾಬಿನ್ನು ಎಲ್ಲಕ್ಕಿಂತ ಹೆಚ್ಚು ಸೋರಿತು. ಆಫೀಸಿನಲ್ಲಿ ಒಣಗಿದ್ದ ಜಾಗ ಒಂದೇ, ಸಿಸಿಲಿಯಾ ಬಾಯಿಯ ಮೂಲೆ. ಕಾಪು ಶೆಟ್ಟರು ಒಂದು ಬೆಳಗ್ಗೆ ಬಂದು ಅಲ್ಲಿ ಕೂತರು. ನಡುವೆ ಪ್ಲೈವುಡ್ಡಿನ ತಡಿಕೆ ಬಂತು. ಬಾಯಿಯನ್ನು ಸೋರುವ ಕ್ಯಾಬಿನ್ನಿಗೆ ಕಳಿಸಿದರು. ತಲೆಯ ಮೇಲೆ ಪ್ಲಾಸ್ಟಿಕ್ಕು ಕಟ್ಟಿ, ಕಾಲ ಬುಡದಲ್ಲಿ ಬಕೆಟ್ಟು ಇಟ್ಟುಕೊಂಡು ಅವರು ಟೈಪು ಮಾಡುತ್ತಿದ್ದರು. ನಲವತ್ತು ದಾಟಿದ, ಹದಿನಾರು ವರ್ಷ ಅಲ್ಲೇ ದುಡಿದ ಹೆಂಗಸು. ಒಬ್ಬರಾದರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನ್ನ ತಲೆಯಲ್ಲಿದ್ದದ್ದು ಕಾಪು ಮತ್ತು ಕೆಮ್ಮಣ್ಣಿನ ನಂಬರುಗಳನ್ನು ಅದಲುಬದಲು ಮಾಡುವ ದರಿದ್ರ ಕೆಲಸ ಮಾತ್ರ.

ಏಳು ಡಾಸ್ ಮೆಷಿನುಗಳಲ್ಲಿ ತಿದ್ದಿದೆ. ಶೆಟ್ಟರು ಮಂಗಳವಾರ, ಬುಧವಾರ ಕಾರ್ಖಾನೆಗೆ ಹೋಗಿದ್ದರು, ಡೈರಿ ಅವರ ಕಿಸೆಯಲ್ಲಿ. ಗುರುವಾರ ಬಂದರು. ಬಂದವರೇ ಯಾರ ಮೇಲೋ ರೇಗುತ್ತಿದ್ದರು. ಈಗ ಹೋಗಿ ಗೋಡೆ ನೋಡುತ್ತಾ ನಿಲ್ಲುವುದು ಬೇಡ, ಊಟದ ನಂತರ ನೋಡುವ ಎಂದುಕೊಂಡೆ. ನನ್ನ ಮೆಷಿನಿನಿಂದ ಕೆಮ್ಮಣ್ಣಿಗೆ ಒಂದು ಪ್ರಿಂಟು ಕೊಟ್ಟು ನೋಡಿದೆ. ಕ್ಯಾಬಿನ್ನಿನಲ್ಲಿ ಬಾಯಿಯ ಪ್ರಿಂಟರು ಕಿರುಗುಟ್ಟಿತು. ಸಾಕು ಎಂದು ಕೈ ತೊಳೆದುಕೊಂಡೆ. ಡಾಸ್ ಮೆಷಿನು ತನ್ನ ಹೊಸ ಪಟ್ಟಿ ನೋಡಿ ಸರಿಯಾದ ಕಡೆ ಕಳಿಸಿತ್ತು. ಯುನಿಕ್ಸ್ ನೋಡುವುದು ತನ್ನದೇ ಹಳೇ ಪಟ್ಟಿಯನ್ನು, ಅದರ ಲೆಕ್ಕದಲ್ಲಿ ಕೆಮ್ಮಣ್ಣು ಎಂದರೆ ಇನ್ನೂ ಆ ಒಣಗಿದ ಮೂಲೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಸಿವಾಗಿತ್ತು, ಬೇಸರ ಬಂದಿತ್ತು.

ಬುತ್ತಿ ಬಿಚ್ಚುವ ಹೊತ್ತಿಗೆ ಬಾಯಿ ನನ್ನ ಮೇಜಿನ ಹತ್ತಿರ ಬಂದರು. ಬೆಳಗ್ಗಿನಿಂದ ಅದು ಮೂರನೆಯ ಸಲ.

"ಪ್ರಭಾಕರ, ಈಗ ನಾನು ದೊಡ್ಡ ಮೆಷಿನಿನಿಂದ ಕೊಟ್ಟದ್ದು ನನ್ನ ಹತ್ತಿರವೇ ಬರ್ತದೆ ಅಲ್ವಾ?"

"ಬರ್ತದೆ ಬಾಯಿ. ಎಲ್ಲ ಸರಿ ಉಂಟು" ಎಂದೆ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿರಲಿಲ್ಲ.

ಅವರು ಮೂರು ಸಲ ಯಾಕೆ ಕೇಳಿದರು ಎಂದು ನಾನು ಯೋಚಿಸಬೇಕಿತ್ತು. ಬಾಯಿ ತಿಂಗಳಿಗೊಮ್ಮೆ ಹಾಜರಿ ಪುಸ್ತಕ ತರಲು ಕಾರ್ಖಾನೆಗೆ ಹೋಗುತ್ತಿದ್ದರು. ಬೀಜ ಒಡೆಯುವಾಗ ಸಿಪ್ಪೆಯಿಂದ ಒಸರುವ ಎಣ್ಣೆ ಚರ್ಮ ಸುಡುತ್ತದೆ. ಕೈಗೆ ಬೂದಿ ಮತ್ತು ತೆಂಗಿನೆಣ್ಣೆ ಸವರಿಕೊಂಡು ಕೂತರೆ ಅಷ್ಟಿಷ್ಟು ತಡೆಯುತ್ತದೆ. ಆ ಎಣ್ಣೆಯನ್ನು ಕಾರ್ಖಾನೆಯಿಂದಲೇ ಕೊಡುವ ಪದ್ಧತಿ ಇತ್ತು. ಶೆಟ್ಟರು ಬೇಸಗೆಯಲ್ಲಿ ಅದನ್ನು ನಿಲ್ಲಿಸಿದ್ದರು. ಹೆಂಗಸರ ಬೆರಳುಗಳು ಕಪ್ಪಾಗಿ ಸಿಪ್ಪೆ ಏಳುತ್ತಿದ್ದವು. ಅನ್ನ ಕಲಸಲಾಗದೆ ಚಮಚದಲ್ಲಿ ತಿನ್ನುತ್ತಿದ್ದವರನ್ನು ಬಾಯಿ ಕಣ್ಣಾರೆ ಕಂಡು ಬಂದಿದ್ದರು. ಮಂಗಳೂರಿನ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಬರೆದುಕೊಡಲು ಒಪ್ಪಿಕೊಂಡಿದ್ದರು. ಹೊರಗೆ ಟೈಪು ಮಾಡಿಸುವಂತಿರಲಿಲ್ಲ. ಉಡುಪಿಯ ಟೈಪಿಂಗ್ ಅಂಗಡಿಗಳಲ್ಲಿ ಶೆಟ್ಟರ ಪರಿಚಯವಿಲ್ಲದವರು ಯಾರು? ಆಫೀಸಿನಲ್ಲೇ ಊಟದ ಹೊತ್ತಿನಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ಅಳಿಸಿಬಿಟ್ಟರೆ ಸುರಕ್ಷಿತ ಎಂದು ಲೆಕ್ಕ ಹಾಕಿದ್ದರು. ಅರ್ಜಿಯ ಕೆಳಗೆ ಹನ್ನೊಂದು ಹೆಂಗಸರ ಹೆಸರುಗಳಿದ್ದವು. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಹಸನಬ್ಬ ಉಳಿದವರಿಗೆ ಹೇಳುವುದನ್ನು ಕೇಳಿ.

ಶೆಟ್ಟರು ದಿನವೂ ಊಟಕ್ಕೆ ಹೊರಗೆ ಹೋಗುತ್ತಿದ್ದರು. ಅವತ್ತು ಮಳೆ ಎಷ್ಟು ಜೋರೆಂದರೆ ಹೊಟೇಲಿನಿಂದ ತರಿಸಿಕೊಂಡು ತಡಿಕೆಯ ಹಿಂದೆಯೇ ಕುಳಿತಿದ್ದರು. ಬಾಯಿ ಕ್ಯಾಬಿನ್ನಿನಲ್ಲಿ ಪ್ರಿಂಟು ಕೊಟ್ಟಿರಬೇಕು. ಅವರ ಪ್ರಿಂಟರು ಸುಮ್ಮನಿತ್ತು. ಕಿರುಗುಟ್ಟುವ ಸದ್ದು ಬಂದದ್ದು ತಡಿಕೆಯ ಹಿಂದಿನಿಂದ. ಮಾಡಿನ ಮೇಲೆ ಅಷ್ಟು ಮಳೆ ಹೊಡೆಯುತ್ತಿದ್ದರೂ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಒಂದೊಂದು ಸಾಲಿಗೂ ಅದು ಅತ್ತಿಂದಿತ್ತ ಎಳೆಯುತ್ತಿತ್ತು. ಬಾಯಿ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. ಓಡಿ ಹೋಗಿ ಆ ಕಾಗದ ಹರಿದು ತರಬಹುದಿತ್ತು ಎಂದು ಈಗ ಅನಿಸುತ್ತದೆ. ಅವರು ಓಡಲಿಲ್ಲ. ನನ್ನ ಕಡೆ ನೋಡಿದರು. ನಾನು ಬುತ್ತಿಯ ಕಡೆ ನೋಡಿದೆ.

ಸದ್ದು ನಿಂತಿತು. ಶೆಟ್ಟರು ಎದ್ದು ಬಂದಾಗ ಒಂದು ಕೈ ಎಂಜಲಾಗಿತ್ತು, ಇನ್ನೊಂದು ಕೈಯಲ್ಲಿ ಕಾಗದ. ಬಾಯಿಯನ್ನು ಕರೆದು ಎಲ್ಲರೆದುರು ಆ ಹನ್ನೊಂದು ಹೆಸರುಗಳನ್ನು ಊರಿನ ಸಮೇತ ನಿಧಾನವಾಗಿ ಓದಿದರು. ಓದುವಾಗ ತುಟಿಯ ಬದಿಯಲ್ಲಿ ಸಾರಿನ ಗುರುತು ಹಾಗೇ ಇತ್ತು.

"ನಮ್ಮ ಮೆಷಿನು, ನಮ್ಮ ಕಾಗದ, ನಮ್ಮ ಮೇಲೆಯೇ ದೂರು. ಎಂತ ಬಾಯಿ ಇದು?" ಎಂದರು. ದನಿ ಎತ್ತಲೂ ಇಲ್ಲ.

ಬಾಯಿ ಆ ಹೆಂಗಸರದು ತಪ್ಪಿಲ್ಲ, ಬರೆಯಲು ಹೇಳಿದ್ದೇ ತಾನು ಎಂದರು. ತನ್ನನ್ನು ಬೇಕಾದರೆ ತೆಗೆದುಹಾಕಿ, ಅವರನ್ನು ಮುಟ್ಟಬೇಡಿ ಎಂದು ಕೇಳಿಕೊಂಡರು. ಶೆಟ್ಟರು ಎರಡನ್ನೂ ಮಾಡಿದರು. ಅಲ್ಲೇ ನಿಂತು ಕಾರ್ಖಾನೆಗೆ ಫೋನು ತಿರುಗಿಸಿದರು. ಮರುದಿನ ಬೆಳಗ್ಗೆ ಗೇಟಿನಲ್ಲಿ ಹನ್ನೊಂದು ಮಂದಿಯನ್ನು ಹೆಸರು ಕೂಗಿ ಬದಿಗೆ ನಿಲ್ಲಿಸಿ, ಮಳೆಯಲ್ಲೇ ಹಿಂದಕ್ಕೆ ಕಳಿಸಿದರಂತೆ. ಬಾಯಿಗೆ ಶನಿವಾರದವರೆಗೆ ಗಡುವು, ರಾಜೀನಾಮೆ ತಾನೇ ಟೈಪು ಮಾಡಿಕೊಡಬೇಕು.

ಇಷ್ಟಕ್ಕೇ ನಿಂತಿದ್ದರೆ ನನ್ನದು ಬರೀ ಒಂದು ಬೇಜವಾಬ್ದಾರಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತೋ ಏನೋ. ಆದರೆ ಫೋನು ಇಟ್ಟ ಶೆಟ್ಟರು ನನ್ನ ಮೇಜಿಗೆ ಬಂದು, ಎಂಜಲಾಗದ ಕೈಯಿಂದ ನನ್ನ ಬೆನ್ನು ತಟ್ಟಿದರು.

"ಹೆಬ್ರಿ ಕೆಲಸ ಬಲ್ಲವ. ಯಾವುದು ಎಲ್ಲಿಗೆ ಬರಬೇಕೋ ಅಲ್ಲಿಗೇ ತಂದು ಮುಟ್ಟಿಸಿದ ನೋಡಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಅವರು ಹಾಗೆಂದೇ ತಿಳಿದಿದ್ದರು. ಪಟ್ಟಿ ತಿದ್ದದೆ ಉಳಿದದ್ದು ನನ್ನ ಸೋಮಾರಿತನ ಎಂದು ಅವರಿಗೆ ಹೊಳೆಯುವ ಹಾಗೇ ಇರಲಿಲ್ಲ. ಬಾಯಿಯ ಗುಟ್ಟು ಗೊತ್ತಾಗಿ, ಉಪಾಯ ಮಾಡಿ, ನಾನೇ ಅದನ್ನು ಅವರ ಪ್ರಿಂಟರಿಗೆ ತಿರುಗಿಸಿದೆ ಎಂದು ನಂಬಿದ್ದರು. ಇಲ್ಲ ಸರ್, ಅದು ತಪ್ಪಾಗಿ ಬಂದದ್ದು ಎನ್ನಬೇಕಿತ್ತು. ಐದಾರು ಮಾತು, ಅಷ್ಟೇ. ನಾನು ಬುತ್ತಿಯ ಮುಚ್ಚಳ ಹಾಕಿದೆ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ ಬಾಯಿ ಅದನ್ನು ಕೇಳಿಸಿಕೊಂಡರು. ಹಸನಬ್ಬನೂ ಕೇಳಿಸಿಕೊಂಡ. ಅವತ್ತಿನಿಂದ ಅವನು ನನ್ನ ಜೊತೆ ಚಾ ಕುಡಿಯಲು ಬರಲಿಲ್ಲ.

ಶನಿವಾರ ಮಧ್ಯಾಹ್ನ ಬಾಯಿ ತಮ್ಮ ವಸ್ತುಗಳನ್ನು ಚೀಲಕ್ಕೆ ತುಂಬಿದರು. ಚಾ ಕುಡಿಯುವ ಲೋಟ, ಒಂದು ಜೊತೆ ಚಪ್ಪಲಿ, ಜಪಮಾಲೆ. ಹೊರಡುವ ಮೊದಲು ನನ್ನ ಎದುರು ಬಂದು ನಿಂತರು. ಅತ್ತ ಹಾಗೆ ಕಾಣಲಿಲ್ಲ.

"ಒಂದು ಕೇಳ್ತೇನೆ ಪ್ರಭಾಕರ. ನೀನು ಬೇಕಂತಲೇ ಮಾಡಿದ್ದಾ?"

ನಾನು ಎದ್ದು ನಿಂತೆ. ಅವರು ಕಾದರು. ಆಮೇಲೆ ತಾವೇ ಮುಂದುವರಿಸಿದರು. "ನನ್ನದು ಹೋಗಲಿ. ನನಗೆ ಅಣ್ಣ ಇದ್ದಾರೆ, ಅತ್ತಿಗೆ ಇದ್ದಾರೆ. ಹೆಸರು ಬರೆಸುವಾಗ ಆ ಹೆಂಗಸರು ನನ್ನ ಹತ್ತಿರ ಕೇಳಿದ್ದು ಒಂದೇ, ಬಾಯಿ, ಇದು ಶೆಟ್ರ ಕೈಗೆ ಸಿಗುವುದಿಲ್ಲ ಅಲ್ವಾ ಎಂದು. ಸಿಗುವುದಿಲ್ಲ ಎಂದು ನಾನು ಹೇಳಿದ್ದೆ. ಆ ಮಾತು ಉಳಿಸಲಿಕ್ಕೆಂದೇ ನಿನ್ನ ಹತ್ತಿರ ಮೂರು ಸಲ ಕೇಳಿದ್ದು."

ಹೇಳಲು ಬಾಯಿ ತೆರೆದಿದ್ದೆ, ದೇವರಾಣೆಗೂ ತೆರೆದಿದ್ದೆ. ಆಗ ತಡಿಕೆಯ ಹಿಂದಿನಿಂದ ಶೆಟ್ಟರು ಹೆಬ್ರಿ ಎಂದು ಕರೆದರು. ಈಗ ಬಂದೆ ಬಾಯಿ ಎಂದು ಹೋದೆ. ಅವರಿಗೆ ಬೇಕಾಗಿದ್ದದ್ದು ಪೆನ್ನಿನ ಶಾಯಿ. ಹಿಂದೆ ಬರುವಾಗ ಬಾಯಿ ಇರಲಿಲ್ಲ. ಬಾಗಿಲ ಹೊರಗೆ ಕೊಡೆ ಬಿಚ್ಚಿದ ಸದ್ದು ಕೇಳಿಸಿತು. ಕೂಗಿ ನಿಲ್ಲಿಸುವಷ್ಟು ಹತ್ತಿರವೇ ಇದ್ದರು.

ಭಾನುವಾರ ಪೂರ್ತಿ ನಾನು ಕೋಣೆಯಲ್ಲಿ ಮಲಗಿ ಅದನ್ನೇ ಯೋಚಿಸಿದೆ. ಸೋಮವಾರ ಧೈರ್ಯ ಮಾಡಿ ಶೆಟ್ಟರ ಬಳಿ ಹೋಗಿ ನಡೆದದ್ದು ಹೇಳಿದೆ. ಅದು ಉಪಾಯವಲ್ಲ, ದೊಡ್ಡ ಮೆಷಿನಿನ ಪಟ್ಟಿ ತಿದ್ದಿರಲಿಲ್ಲ, ತಪ್ಪು ನನ್ನದು, ಪಾಸ್‌ವರ್ಡ್ ಒತ್ತಿದರೆ ಈಗಲೇ ಸರಿ ಮಾಡುತ್ತೇನೆ ಎಂದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ, ಆಗಲಿ, ನನ್ನ ಮೈ ಹಗುರವಾಗುತ್ತದೆ ಎಂದುಕೊಂಡಿದ್ದೆ. ಶೆಟ್ಟರು ನಕ್ಕರು. ಹೊಟ್ಟೆ ಕುಲುಕುವಷ್ಟು ನಕ್ಕರು.

"ತಪ್ಪಿ ಮಾಡಿದ್ದಾ? ಹಾಗಾದರೆ ಇನ್ನು ಬೇಕಂತಲೇ ಮಾಡು ಮಾರಾಯ" ಎಂದರು.

ಡೈರಿ ತೆಗೆದು, ಹಾಳೆಯ ಚೂರಿನಲ್ಲಿ ಪಾಸ್‌ವರ್ಡ್ ಬರೆದು ನನ್ನ ಮುಂದೆ ತಳ್ಳಿದರು. ಇನ್ನು ಮುಂದೆ ಗೋಡೆ ನೋಡಬೇಕಾಗಿಲ್ಲ. ಕಾರ್ಕಳ, ಉದ್ಯಾವರ, ಯಾರು ಏನು ಪ್ರಿಂಟು ಕೊಟ್ಟರೂ ಅವರದ್ದು ಅವರಿಗೆ ಹೋಗಲಿ, ಅದರ ಇನ್ನೊಂದು ಪ್ರತಿ ಸಂಜೆ ಎಲ್ಲರೂ ಹೋದ ಮೇಲೆ ತನ್ನ ಪ್ರಿಂಟರಿನಲ್ಲಿ ಬರಬೇಕು. ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದರೆ ನಾನು ಸಿಸ್ಟಂ ಇನ್‌ಚಾರ್ಜ್, ನನ್ನ ಕುರ್ಚಿ ಗಾಜಿನ ಕೋಣೆಗೆ.

ನನ್ನ ಮೇಲೆ ಕರುಣೆ ಬರಲಿ ಎಂದು ಏನಾದರೂ ಕಾರಣ ಹೇಳಬಹುದು. ಮನೆಯಲ್ಲಿ ಕಷ್ಟವಿತ್ತು, ತಂಗಿಯ ಮದುವೆಯಿತ್ತು ಎಂದೆಲ್ಲ. ಹಾಗೇನೂ ಇರಲಿಲ್ಲ. ಹೊರಗೆ ಸೋರುತ್ತಿತ್ತು, ಅಂಗಿ ಬೆನ್ನಿಗೆ ಅಂಟುತ್ತಿತ್ತು, ಬೀಜದ ಡಬ್ಬಿಗಳು ನಾರುತ್ತಿದ್ದವು. ಗಾಜಿನ ಕೋಣೆಯಲ್ಲಿ ತಣ್ಣಗೆ, ಒಣಗಿದ ಗಾಳಿ. ಅಷ್ಟೇ ಕಾರಣ. ಆಗುತ್ತದೆ ಸರ್ ಎಂದೆ.

ಮೊದಲು ಪಟ್ಟಿ ಸರಿಮಾಡಿದೆ. ಎರಡು ನಿಮಿಷದ ಕೆಲಸ. ಆಮೇಲೆ ಎರಡು ದಿನ ಪುಸ್ತಕ ಹಿಡಿದು ಕುಳಿತು ಇನ್ನೊಂದು ಪ್ರತಿಯ ವ್ಯವಸ್ಥೆ ಬರೆದೆ. ಈ ಸಲ ಒಂದೊಂದೇ ಮೆಷಿನಿನ ಮುಂದೆ ಕುಳಿತು, ಆರಿಸಿ, ಪುನಃ ಹಾಕಿ, ಪರೀಕ್ಷೆ ಮಾಡಿದೆ. ಎಲ್ಲಿಯೂ ಒಂದು ಚೂರೂ ತಪ್ಪಾಗಲಿಲ್ಲ, ನನಗೆ ಹೆಮ್ಮೆಯೂ ಆಯಿತು. ಮೊದಲ ಸಂಜೆ ತಡಿಕೆಯ ಹಿಂದೆ ಬಂದ ಕಾಗದಗಳಲ್ಲಿ ಹಸನಬ್ಬ ದುಬಾಯಿಯಲ್ಲಿದ್ದ ತನ್ನ ಭಾವನಿಗೆ ಬರೆದ ಪತ್ರವೊಂದಿತ್ತು. ಆ ಹನ್ನೊಂದರಲ್ಲಿ ನಾಲ್ಕು ಮಂದಿಗೆ ಬೇರೆಡೆ ಕೆಲಸ ಸಿಕ್ಕಿದೆ, ಉಳಿದವರಿಗೆ ಎಲ್ಲಿಯೂ ಸಿಗುತ್ತಿಲ್ಲ, ಇಲ್ಲಿ ಒಬ್ಬ ಹಾವು ಇದ್ದಾನೆ ಎಂದು ಬರೆದಿದ್ದ. ಶೆಟ್ಟರು ಅದನ್ನು ಓದಿ, ನಿನ್ನನ್ನೇ ಹೊಗಳಿದ್ದಾನೆ ಎಂದು ನನ್ನ ಕೈಗೆ ಕೊಟ್ಟರು. ನಾನೂ ಓದಿದೆ, ಓದಿ ನಕ್ಕೆ.

ಕೆಮ್ಮಣ್ಣು ಅಲ್ಲಿಂದ ಎಷ್ಟು ದೂರ? ಉಡುಪಿಯಿಂದ ಬಸ್ಸು ಹತ್ತಿದರೆ ಅರ್ಧ ತಾಸು. ಬಾಯಿಯ ಮನೆಗೆ ಹೋಗಿ, ಬಾಯಿ, ನಾನು ಬೇಕಂತ ಮಾಡಿದ್ದಲ್ಲ, ನನ್ನ ಸೋಮಾರಿತನ ಎಂದು ಒಂದು ಮಾತು ಹೇಳಿ ಬರಬಹುದಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ಎರಡು ಸಲ ಬಸ್‌ಸ್ಟ್ಯಾಂಡಿನ ತನಕ ಹೋದೆ. ಎರಡೂ ಸಲ ಬಸ್ಸು ನಿಂತಿತ್ತು, ಸೀಟೂ ಇತ್ತು. ನಾನು ಹತ್ತಲಿಲ್ಲ. ಹೇಳುವುದಕ್ಕೆ ಏನು ಉಳಿದಿತ್ತು? ಸಿಸಿಲಿಯಾ ಬಾಯಿ ನನ್ನನ್ನು ಏನೆಂದು ತಿಳಿದು ಕೊಡೆ ಬಿಚ್ಚಿ ನಡೆದರೋ, ಆ ಶನಿವಾರ ನಾನು ಅದಾಗಿರಲಿಲ್ಲ. ಸೋಮವಾರ ಆದೆ.